ಸುಲಿಯುವ ಹೊತ್ತು

ತಿಪಟೂರು

ಮಗಳೇ,

ನೀನು ಕಳಿಸಿದ ಕೊಬ್ಬರಿ ವಹಿವಾಟಿನ ವರದಿ ನೋಡಿದೆ. ಇಂಥ ವರದಿ ಮಾಡುವ ಕೆಲಸಕ್ಕೆ ಹೊಸದಾಗಿ ಕೂತವರು ಇನ್ನೂ ಇದ್ದಾರು ಅಂತ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ, ಬೇಜಾರಾಗಬೇಡ.

ಹೆಚ್ಚಿನ ದರ ಮೇಲೆ ಬರಲಿ ಎಂದು ಜೋಡಿಸಿದ ಪಟ್ಟಿಯಲ್ಲಿ 9,800 ರೂಪಾಯಿಯ ಲಾಟು 12,000ದ ಲಾಟಿನ ತಲೆಯ ಮೇಲೆ ಕೂತಿದೆ. ಕಾರಣ, ದರಕ್ಕೆ ಕ್ವೆರಿಯಲ್ಲೇ ಫಾರ್ಮ್ಯಾಟ್ ಹಾಕಿದ್ದೀಯ. ಹಾಗೆ ಮಾಡಿದರೆ ಅಂಕಿ ಅಕ್ಷರವಾಗಿಬಿಡುತ್ತದೆ; ಅಕ್ಷರದ ಸಾಲಿನಲ್ಲಿ 9ರಿಂದ ಶುರುವಾದದ್ದು ಯಾವಾಗಲೂ 1ರಿಂದ ಶುರುವಾದದ್ದಕ್ಕಿಂತ ದೊಡ್ಡದು.

ನಮ್ಮ ಅಟ್ಟ ನೆನಪಿದೆಯಾ? ಉಂಡೆ ಕೊಬ್ಬರಿಗೆಂದು ಕಾಯನ್ನು ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲಿ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಸುಲಿಯುವುದು ಮಾರುವ ಹೊತ್ತಿಗೆ. ಅಂಕಿಯನ್ನೂ ಕೂಡಿ, ಜೋಡಿಸಿ ಮುಗಿಯುವತನಕ ಮುಟ್ಟಬೇಡ. ಅಲ್ಪವಿರಾಮ, ರೂಪಾಯಿ ಚಿಹ್ನೆ ಎಲ್ಲ ವರದಿಯ ಚೌಕಕ್ಕೆ ಬಂದ ಮೇಲೆ. ಅಲ್ಲೂ ಅಲ್ಪವಿರಾಮವನ್ನು ಭಾರತದ ಕ್ರಮಕ್ಕೆ ಹೊಂದಿಸು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇತ್ತು. ಹತ್ತು ಕ್ವಿಂಟಾಲಿಗೆ 1,21,000 ಎಂದು ಬರಬೇಕು. 121,000 ಎಂದು ಬಂದರೆ ಮಂಡಿಯಲ್ಲಿ ಯಾರೂ ಸಲೀಸಾಗಿ ಓದಲಾರರು.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಒಂದು ಮಂಡಿಯಲ್ಲಿ ಲೆಕ್ಕ ನೋಡುತ್ತಿದ್ದಾಗ, ಯಾರೂ ಕೂಗದ ಲಾಟಿನ ದರ ಖಾಲಿ ಕಾಣಬಾರದೆಂದು ಸೊನ್ನೆ ತುಂಬುವ ಸೂತ್ರ ಬರೆದೆ. ಅವತ್ತಿನ ಸರಾಸರಿ ಪಾತಾಳಕ್ಕಿಳಿಯಿತು. ಚಿಕ್ಕನಾಯಕನಹಳ್ಳಿ ಕಡೆಯ ರೈತರೊಬ್ಬರು ಚೀಟಿ ಹಿಡಿದು ಬಂದು, "ಏನ್ ಸ್ವಾಮಿ, ಕೊಬ್ಬರಿಗೆ ಇಷ್ಟೇನಾ?" ಅಂದರು. ನನ್ನ ಮುಖ ನೋಡಬೇಕಿತ್ತು! ಸರಾಸರಿಯ ಸೂತ್ರ ಖಾಲಿಯನ್ನು ಬಿಟ್ಟು ಎಣಿಸುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ. ಖಾಲಿಯನ್ನು ಖಾಲಿಯಾಗೇ ಇಟ್ಟು, ಚೌಕದಲ್ಲಿ ಮಾತ್ರ "ಬಿಡ್ ಇಲ್ಲ" ಎಂದು ತೋರಿಸು.

ಸರಾಸರಿ ಅಂದಾಗ ತೂಕವನ್ನು ಮರೆಯಬೇಡ. 10 ಕ್ವಿಂಟಾಲ್ 12,000ಕ್ಕೂ 1 ಕ್ವಿಂಟಾಲ್ 15,000ಕ್ಕೂ ಹೋದರೆ ಸರಾಸರಿ 13,500 ಅಲ್ಲ. ಒಟ್ಟು ಹಣ 1,35,000ವನ್ನು 11ರಿಂದ ಭಾಗಿಸು, 12,273ರ ಹತ್ತಿರ ಬರುತ್ತದೆ. ನಿನ್ನ ಸೂತ್ರ ದರಗಳನ್ನಷ್ಟೇ ಕೂಡಿ ಭಾಗಿಸುತ್ತಿದೆ.

ತುರುವೇಕೆರೆ ಎರಡು ಸಾಲಾಗಿ ಬಂದದ್ದಕ್ಕೆ ನಿನ್ನ ತಪ್ಪಿಲ್ಲ. ಹಳೆಯ ಕಡತದಲ್ಲಿರುವ ಊರ ಹೆಸರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನದು, ಹೊಸದರಲ್ಲಿರುವುದು ಯೂನಿಕೋಡಿನದು. ಕಂಪ್ಯೂಟರಿಗೆ ಅವು ಎರಡು ಊರು. ಮೊದಲು ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸಿಕೋ.

ತಿದ್ದಿ ಕಳಿಸು. ತಾರೀಖು 05/06 ಎಂದಿದೆ, ಜೂನ್ ಐದೋ ಮೇ ಆರೋ ನನಗೆ ತಿಳಿಯಲಿಲ್ಲ. ತಿಂಗಳನ್ನು ಹೆಸರಿನಲ್ಲಿ ಬರಿ.

ಇಂತಿ,
ನಿನ್ನ ದೊಡ್ಡಪ್ಪ