ಹುಳು ಸತ್ತ ಮೇಲಿನ ತುರಿಕೆ

ದೀಪಾವಳಿ ರಜೆಗೆ ಹಾಸ್ಟೆಲ್‌ನಿಂದ ಬಂದ ಅಕ್ಕನ ಮಗ ಬೆರಳಸಂದಿ ಕೆರೆಯುತ್ತಿದ್ದ. ಮೆಡಿಕಲ್ ಶಾಪ್‌ನವನು ‘ಅಲರ್ಜಿ’ ಎಂದು ಸ್ಟಿರಾಯ್ಡ್ ಬೆರೆತ ಟ್ಯೂಬು ಕೊಟ್ಟ. ತುರಿಕೆ ತಗ್ಗಿತು, ಕಜ್ಜಿಹುಳು ಉಳಿಯಿತು. ಚರ್ಮದ ಪ್ರತಿರೋಧವನ್ನೇ ಮಂಕು ಮಾಡಿದರೆ ಹುಳುವಿಗೆ ಅದಕ್ಕಿಂತ ಸುಗ್ಗಿ ಬೇಕೆ?

ಧನುರ್ಮಾಸದ ಹೊತ್ತಿಗೆ ಅಕ್ಕನ ಸರದಿ. ನಡುರಾತ್ರಿ ಹಾಸಿಗೆ ಬಿಟ್ಟೆದ್ದು, ಆ ಚಳಿಯಲ್ಲೂ ಬಚ್ಚಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಸೊಂಟದ ಸುತ್ತ ಉಗುರು ಗೀರಿ ರಕ್ತ. ಹಗಲಲ್ಲಿ ಅತ್ತೆಯ ಎದುರು ಕೆರೆಯಲೂ ನಾಚಿಕೆ. ದಿನಾ ಮಡಿ ಮಾಡುವ ಮನೆಗೆ ಕಜ್ಜಿಯೇ ಎಂಬ ಮಾತಿಗೆ ಹೆದರಿಕೆ.

ಅಕ್ಕನಿಗೆ ತುರಿಕೆ ಶುರುವಾಗಲು ಅಷ್ಟು ತಡವೇಕೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ ಸ್ವಯಂಸೇವಕರಿಗೆ ಬೇಕೆಂದೇ ಕಜ್ಜಿ ಅಂಟಿಸಿ ನೋಡಿದ್ದರು. ಮೊದಲ ಸಲ ಅಂಟಿದವರಿಗೆ ಸುಮಾರು ಒಂದು ತಿಂಗಳು ತುರಿಕೆಯೇ ಇಲ್ಲ. ವಾಸಿಯಾದವರಿಗೆ ಮತ್ತೆ ಅಂಟಿಸಿದಾಗ ಒಂದು ದಿನದೊಳಗೇ ಕೆರೆತ! ಹುಳುವಿನ ಹಿಕ್ಕೆ, ಮೊಟ್ಟೆ, ಜೊಲ್ಲನ್ನು ಮೈ ಗುರುತು ಹಿಡಿದು ಸಿಡಿದೇಳುವುದೇ ತುರಿಕೆ. ಸಾಮಾನ್ಯ ರೋಗಿಯ ಮೈಯಲ್ಲಿರುವುದು 10–15 ಹುಳು, ಅಷ್ಟೇ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅವು ಲಕ್ಷಗಟ್ಟಲೆಯಾಗಿ ಚರ್ಮ ಹಕ್ಕಳೆಗಟ್ಟುತ್ತದೆ. ಅಂಥ ಕೆಲವರಿಗೆ ತುರಿಕೆಯೇ ಕಡಿಮೆ.

ಚರ್ಮವೈದ್ಯೆ ಪರ್ಮೆಥ್ರಿನ್ ಕ್ರೀಮ್ ಬರೆದು, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಿ ಎಂದರು. ಭಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ನನಗೇನೂ ಕಡಿತವಿಲ್ಲ, ನಾನ್ಯಾಕೆ ಹಚ್ಕೋಬೇಕು?” ಕಡಿತವಿಲ್ಲದ ಆ ತಿಂಗಳಲ್ಲೂ ಹುಳು ಹರಡುತ್ತದೆ ಎಂದರೆ ಕೇಳುವವರಾರು!

ಹಚ್ಚಿದ ಮೇಲೂ ಅಕ್ಕನ ತುರಿಕೆ ನಿಲ್ಲಲಿಲ್ಲ. ಸತ್ತ ಹುಳುವಿನ ಅವಶೇಷ ಚರ್ಮದಲ್ಲಿರುವಷ್ಟು ದಿನ ಮೈಯ ಸಿಟ್ಟು ಆರುವುದಿಲ್ಲ ಎಂದು ಮೊದಲು ಸಮಾಧಾನ ಮಾಡಿಕೊಂಡೆವು. ಆದರೆ ಮಣಿಕಟ್ಟಿನಲ್ಲಿ ವೈದ್ಯೆಗೆ ಕಂಡದ್ದು ಹುಳು ಕೊರೆದ ಹೊಸ ಬಿಲ. ಅದು ಭಾವನ ಉಡುಗೊರೆ. ವಾರದೊಳಗೆ ಅವರೂ ಕೆರೆಯತೊಡಗಿದಾಗ ಅಕ್ಕನಿಗೆ ಬಂದ ನಗುವನ್ನು ನಾನು ತಡೆಯಲಿಲ್ಲ.

ಕ್ರೀಮನ್ನು ಕತ್ತಿನಿಂದ ಅಂಗಾಲಿನವರೆಗೆ, ಉಗುರಿನ ಅಡಿಗೂ ಹಚ್ಚಿ ರಾತ್ರಿಯಿಡೀ ಬಿಡಿ. ವೈದ್ಯರು ಹೇಳಿದಂತೆ ವಾರದ ನಂತರ ಮತ್ತೊಮ್ಮೆ ಹಚ್ಚಿ. ಹೊದಿಕೆ, ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ತುರಿಕೆ ಎರಡರಿಂದ ನಾಲ್ಕು ವಾರ ಉಳಿದೀತು. ಅದನ್ನೂ ಮೀರಿದರೆ ಅಂಗಡಿಯ ಟ್ಯೂಬಿಗೆ ಕೈಚಾಚದೆ ವೈದ್ಯರಿಗೇ ಮತ್ತೆ ತೋರಿಸಿ.