ಹಲಗೆಯ ಮೇಲಣ ರೈಲುದಾರಿ

ಬೊಂಬೆಯ ಮನೆ ಹೆಣ್ಣುಮಕ್ಕಳಿಗೆ, ರೈಲುಗಾಡಿ ಗಂಡುಮಕ್ಕಳಿಗೆ ಎಂಬ ವಿಭಾಗವು ಆಟಿಕೆಯ ಅಂಗಡಿಯವರು ಮಾಡಿಕೊಂಡದ್ದು. ಪಾಠಶಾಲೆಯು ಅದನ್ನು ಒಪ್ಪಬೇಕಾದುದಿಲ್ಲ. ದಸರೆಯ ಬೊಂಬೆಗಳ ಮುಂದೆ ರಾಗಿಯ ಪೈರನ್ನು ಬೆಳೆಸಿ ಕನ್ನಡಿಯ ಚೂರಿನಿಂದ ಕೆರೆಯನ್ನು ಮಾಡುವ ಕೈಗಳೂ, ಕ್ರಿಸ್ತಜಯಂತಿಗೆ ಗೋದಲಿಯನ್ನು ಕಟ್ಟುವ ಕೈಗಳೂ ಬಹುಮಟ್ಟಿಗೆ ನಮ್ಮ ಹುಡುಗಿಯರವೇ. ಅದೇ ಕೈಗಳಿಗೆ ಗರಗಸವನ್ನೂ ಅಳತೆಯ ಪಟ್ಟಿಯನ್ನೂ ಕೊಟ್ಟರೆ ರೈಲುದಾರಿಯೂ ಎದ್ದು ನಿಲ್ಲುವುದು. ಆ ಕೆಲಸದೊಳಗೆ ಅಡಗಿರುವ ಲೆಕ್ಕದ ಪಾಠವನ್ನು ಪೋಷಕರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಬೇಕೆಂಬುದು ನಮ್ಮ ಉದ್ದೇಶ.

ಈ ಹವ್ಯಾಸಕ್ಕಾಗಿ ಸಂಘ ಕಟ್ಟಿಕೊಳ್ಳುವ ಪದ್ಧತಿಯು ಹಳೆಯದು. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ಬು 1910ರಲ್ಲಿ ಸ್ಥಾಪಿತವಾಯಿತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಹುಟ್ಟಿದ ಸಂಘದಲ್ಲಿ ಗುಡ್ಡ ಮನೆಗಳನ್ನು ಮಾಡುವವರು ಕೆಲವರು, ಹಲಗೆಯ ಕೆಳಗೆ ತಂತಿಗಳನ್ನು ಜೋಡಿಸುವವರು ಕೆಲವರು. ತಂತಿಯವರು ಟೆಲಿಫೋನಿನ ಸಲಕರಣೆಗಳಿಂದ ಗಾಡಿಗಳನ್ನು ನಡೆಸಿದರು. ಮುಂದೆ 1950ರ ದಶಕದ ಕೊನೆಯಲ್ಲಿ ಅವರಲ್ಲಿ ಹಲವರು ಕಂಪ್ಯೂಟರಿನ ಕೆಲಸಕ್ಕೆ ತೊಡಗಿ ಆ ವಿದ್ಯೆಯಲ್ಲಿ ಹೆಸರಾದರು. ನಮಗೆ ಸಮೀಪದಲ್ಲಿ, ಪುಣೆಯಲ್ಲಿ, ಜೋಶಿಯವರ ಕಿರುರೈಲು ಸಂಗ್ರಹಾಲಯವು 1998ರಿಂದ ಜನರಿಗೆ ತೆರೆದಿದೆ.

ಈಗ ಲೆಕ್ಕಕ್ಕೆ ಬರೋಣ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣವನ್ನು ಎಚ್‌ಒ ಎನ್ನುವರು. ಅದರಲ್ಲಿ ಪ್ರತಿಯೊಂದು ವಸ್ತುವೂ ನಿಜದ 87ನೆಯ ಒಂದು ಪಾಲು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಇದನ್ನು 87ರಿಂದ ಗುಣಿಸಿದರೆ 1435 ಮಿಲಿಮೀಟರಿಗೆ ಅತಿ ಸಮೀಪದ ಸಂಖ್ಯೆ ಬರುವುದು. ಅದು ಯೂರೋಪಿನ ಬಹುಭಾಗದ ಹಳಿಯ ಅಗಲ. ನಮ್ಮ ಬ್ರಾಡ್ ಗೇಜ್ ಹಳಿಯ ಅಗಲವೋ 1676 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಮಿಕ್ಕುವುದು. ಆದುದರಿಂದ ಅಂಗಡಿಯ ಹಳಿಯ ಮೇಲೆ ಹಾಸನದ ಗಾಡಿಯನ್ನಿಟ್ಟರೆ ಅದು ದೊಡ್ಡ ಮೈಗೆ ಸಣ್ಣ ಪಾದರಕ್ಷೆ ತೊಟ್ಟಂತೆ ಕಾಣುವುದು. ಹಳಿಯನ್ನು ಹಾಗೆಯೇ ಉಳಿಸಿಕೊಂಡು ಗಾಡಿಯನ್ನೇ ನೂರಾಒಂದೂವರೆಯ ಒಂದು ಪಾಲಿಗೆ ಇಳಿಸಿದರೆ ಎರಡೂ ಹೊಂದುವುವು. ಆಗ ಕೊಂಡು ತಂದ ಮನೆ, ಮರ, ಮನುಷ್ಯರೆಲ್ಲ ಗಾಡಿಗಿಂತ ದೊಡ್ಡವರಾಗಿಬಿಡುವರು. ಯಾವುದನ್ನು ಬಿಟ್ಟುಕೊಡಬೇಕೆಂಬುದನ್ನು ಹುಡುಗಿಯರೇ ಚರ್ಚಿಸಿ ತೀರ್ಮಾನಿಸತಕ್ಕದ್ದು. ಭಿನ್ನರಾಶಿಯ ಲೆಕ್ಕದಲ್ಲಿ ಇಷ್ಟು ಆಸಕ್ತಿಯುಳ್ಳ ಜಗಳವು ತರಗತಿಯಲ್ಲಿ ಅಪರೂಪ.

ಇನ್ನು ನಮ್ಮ ಜಿಲ್ಲೆಯ ದಾರಿಯನ್ನೇ ನೋಡಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಟ್ಟದ ಮಾರ್ಗವು 50 ಕಿಲೋಮೀಟರಿಗೂ ಮಿಕ್ಕಿದೆ. ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಒಂದು ಕಿಲೋಮೀಟರು 87ನೆಯ ಪಾಲಿಗೆ ಇಳಿದಾಗ ಹನ್ನೊಂದೂವರೆ ಮೀಟರಾಗುವುದು. ಐವತ್ತಕ್ಕೆ 575 ಮೀಟರು! ಯಾವ ಶಾಲೆಯ ಸಭಾಂಗಣವೂ ಇದನ್ನು ಹಿಡಿಸದು. ತಿರುವುಗಳ ಸಂಗತಿಯೂ ಅಷ್ಟೇ. 175 ಮೀಟರ್ ತ್ರಿಜ್ಯದ ಬಿಗಿಯಾದ ತಿರುವು ಹಲಗೆಯ ಮೇಲೆ 2 ಮೀಟರನ್ನು ಬೇಡುವುದು. ಪೆಟ್ಟಿಗೆಯಲ್ಲಿ ಬರುವ ಆಟದ ಹಳಿ ಅರ್ಧ ಮೀಟರಿನೊಳಗೇ ತಿರುಗಿಬಿಡುವುದು. ಆದರೆ ಏರಿಳಿತದಲ್ಲಿ ಒಂದು ಸೊಗಸಿದೆ. ಘಟ್ಟದಲ್ಲಿ ಗಾಡಿಯು 50 ಮೀಟರು ಮುಂದೆ ಹೋದರೆ ಒಂದು ಮೀಟರು ಇಳಿಯುವುದು. ಇದು ಎರಡು ಉದ್ದಗಳ ಸಂಬಂಧವಾದುದರಿಂದ ಎಷ್ಟು ಕಿರಿದುಗೊಳಿಸಿದರೂ ಕಿರಿದಾಗದು. ನಾಲ್ಕು ಮೀಟರ್ ಹಲಗೆಯ ಮೇಲೆ ಹಳಿಯನ್ನು 8 ಸೆಂಟಿಮೀಟರು ಎತ್ತಿದರೆ ಅದು ಸಕಲೇಶಪುರದ ಇಳಿಜಾರೇ. ಪ್ರಮಾಣವೆಂಬ ಪದದ ಅರ್ಥವು ಕರಿಹಲಗೆಯ ಮುಂದೆ ತಿಳಿಯದ ಹುಡುಗಿಗೆ ಇಲ್ಲಿ ಕೈಯಿಂದಲೇ ತಿಳಿಯುವುದೆಂದು ನಮ್ಮ ನಂಬಿಕೆ.

ಹೀಗಿರಲು ಎಲ್ಲವನ್ನೂ ಮಾಡುವುದು ಸಾಧ್ಯವಿಲ್ಲ, ಆರಿಸಬೇಕು. ಒಂದು ಸುರಂಗದ ಬಾಯಿ, ಒಂದು ಸೇತುವೆ, ಮಳೆಗೆ ಪಾಚಿಗಟ್ಟಿದ ಒಂದು ಗೋಡೆ ಸಾಕು. ಲಂಡನ್ನಿನ ಸಂಘದವರು ‘ಕೋಪನ್‌ಹೇಗನ್ ಫೀಲ್ಡ್ಸ್’ ಎಂಬ ತಮ್ಮ ಹಲಗೆಯ ಮೇಲೆ ನಗರದ ಒಂದು ಮೂಲೆಯನ್ನು ಮಾತ್ರ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿದ್ದಂತೆ, ದಶಕಗಳ ಕಾಲ ಕಟ್ಟಿದರು. ಆ ಕಾಲವನ್ನು ಆರಿಸಿದ್ದೇ ಅವರ ಕೆಲಸದ ಬೆಲೆ.

ನಮ್ಮಲ್ಲಿಯೂ ಕಾಲವನ್ನು ಆರಿಸಬೇಕು. ಹಾಸನ ಮಂಗಳೂರು ಮಾರ್ಗವು 1979ರಲ್ಲಿ ತೆರೆದಾಗ ಮೀಟರ್ ಗೇಜಿನದು. ಮುಂದೆ ಅದನ್ನು ಮುಚ್ಚಿ ಹಳಿಯನ್ನು ಅಗಲಗೊಳಿಸಿ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮರಳಿ ತೆರೆದರು. ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುತ್ತಿದ್ದ ಸಣ್ಣ ಹಳಿಯೂ ಈಗ ಇಲ್ಲ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರವಾಗಿ ಹೋಗುವ ದಾರಿಯು 2017ರಲ್ಲಿ ಪೂರ್ಣವಾಯಿತು. ಅದನ್ನು ನಮ್ಮ ಮಕ್ಕಳು ದಿನವೂ ಕಾಣಬಹುದು. ಸಣ್ಣ ಹಳಿಯ ಗಾಡಿಗಳನ್ನು ಕಾಣಬೇಕಾದರೆ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋಗಬೇಕು. ಆ ಗಾಡಿಯಲ್ಲಿ ಶಾಲೆಗೆ ಬಂದ ತಾಯಂದಿರೂ ಅಜ್ಜಿಯರೂ ಈ ಪುಟಗಳ ವಾಚಕರಲ್ಲಿ ಇರಬಹುದು. ಪೆಟ್ಟಿಗೆಗಳ ಬಣ್ಣ, ನಿಲ್ದಾಣದ ಬೇಲಿ, ನೀರಿನ ತೊಟ್ಟಿಯ ಸ್ಥಾನ ಇವನ್ನು ನಕ್ಷೆಗಿಂತ ಅವರೇ ಚೆನ್ನಾಗಿ ಹೇಳಬಲ್ಲರು.

ಶೆಟ್ಟಿಹಳ್ಳಿಗೆ ರೈಲಿಲ್ಲ. ಆದರೂ ಹಾಸನದ ಸೀಮೆಯ ಹಲಗೆಯೆಂದೊಡನೆ ಅಲ್ಲಿಯ ಜಪಮಾಲೆಯ ಮಾತೆಯ ಹಳೆಯ ದೇವಾಲಯವನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸುವ ಆಸೆ ಹುಟ್ಟುವುದು ಸಹಜ. ಅದು ಚೆಲುವಾದ ಸುಳ್ಳು. ನಾವು ಅದಕ್ಕೆ ಸಮ್ಮತಿಸೆವು. ಅದನ್ನು ಬೇರೆಯೇ ಹಲಗೆಯ ಮೇಲೆ ಮಾಡಲಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಆಲಯವು ಗೊರೂರಿನ ಹೇಮಾವತಿ ಜಲಾಶಯದ ಪಾಲಾಗಿ, ಮಳೆಗಾಲದಲ್ಲಿ ಮುಳುಗುತ್ತ, ಬೇಸಗೆಯಲ್ಲಿ ಏಳುತ್ತ, ವರ್ಷವರ್ಷಕ್ಕೆ ಕುಸಿಯುತ್ತ ಬಂದಿದೆ. ಹಳೆಯ ರೈಲಿನ ಅಳತೆಯಾದರೂ ಸಂಗ್ರಹಾಲಯದಲ್ಲಿ ದೊರೆಯುವುದು. ಬಿದ್ದ ಕಮಾನಿನ ಅಳತೆ ಎಲ್ಲಿಯೂ ದೊರೆಯದು.

ಗೋಡೆಗಳು ಸಡಿಲವಾಗಿರುವುದರಿಂದ ಹತ್ತಿರ ಹೋಗಿ ಪಟ್ಟಿ ಹಿಡಿಯುವುದು ಸಲ್ಲದು, ನೆರಳಿನಿಂದ ಅಳೆಯಬೇಕು. ನೀರಿಳಿದ ತಿಂಗಳಲ್ಲಿ, ಬೆಳಗಿನ ಬಿಸಿಲಿನಲ್ಲಿ, ಸಮನೆಲದ ಮೇಲೆ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಗಳಿಗೆಯಲ್ಲಿ ಇನ್ನೊಬ್ಬಳು ಗೋಡೆಯ ನೆರಳಿನ ತುದಿಗೆ ಗೂಟ ಹೊಡೆಯಲಿ. ಗೋಡೆಯ ಬುಡದಿಂದ ಗೂಟದವರೆಗಿನ ದೂರವನ್ನು, ಗೋಡೆಗೆ ಸಮಾನಾಂತರವಾಗಿ ದೂರದಲ್ಲಿ ಎಳೆದ ಹಗ್ಗದ ನೆರವಿನಿಂದ ಗುರುತಿಸಬಹುದು. ಕೋಲಿನ ನೆರಳು ಅರ್ಧ ಮೀಟರು, ಗೋಡೆಯದು ಆರು ಮೀಟರು ಎನ್ನೋಣ, ಎತ್ತರ ಹನ್ನೆರಡು. ಅದನ್ನು 87ರಿಂದ ಭಾಗಿಸಿದರೆ ಸುಮಾರು 138 ಮಿಲಿಮೀಟರು, ರಟ್ಟಿನಲ್ಲಿ ಕತ್ತರಿಸುವಷ್ಟು. ಸಂಖ್ಯೆಯ ಪಕ್ಕದಲ್ಲಿ ದಿನಾಂಕವನ್ನು ಬರೆಯಲು ಮರೆಯಬಾರದು. ಮುಂದಿನ ಬೇಸಗೆಯ ಸಂಖ್ಯೆಯು ಬೇರೆಯಾಗಿರಬಹುದು.