ದುಡಿಮೆಯ ಬೆಲೆ, ದುಡಿಯುವವನ ಬೆಲೆ

ನಮ್ಮ ಹೊರಮಾವಿಗೆ ಸಮೀಪದ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಆರಂಭವಾಯಿತು. ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜಿನ ಬಿಡಿಭಾಗಗಳನ್ನು ಕಾರ್ಮಿಕರು ಕೈಯಿಂದ ಜೋಡಿಸುತ್ತಿದ್ದರು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದ ಮೇಲೆ ಆ ಕೈಚಳಕಕ್ಕೆ ಬೇಡಿಕೆ ತಗ್ಗಿತು. ಇಂದು ಕಂಪ್ಯೂಟರಿನ ಮುಂದೆ ದುಡಿಯುವ ನಮ್ಮ ಮಕ್ಕಳಿಗೆ ಕೃತಕ ಬುದ್ಧಿಮತ್ತೆಯಿಂದ ಅದೇ ಅಂಜಿಕೆ.

ಜಗದ್ಗುರು ಎರಡನೇ ಜಾನ್ ಪಾಲರು 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಇದನ್ನೇ ವಿಚಾರ ಮಾಡಿದ್ದಾರೆ. ದುಡಿಮೆಗೆ ಬೆಲೆ ಬರುವುದು ತಯಾರಾದ ವಸ್ತುವಿನಿಂದಲ್ಲ, ದುಡಿಯುವ ಮನುಷ್ಯನಿಂದ. ಯಂತ್ರ ಅವನಿಗೆ ನೆರವಾಗಬೇಕೇ ಹೊರತು ಅವನನ್ನು ಆಳಾಗಿಸಬಾರದು.

ಆದ್ದರಿಂದ ಪ್ರಿಯರೇ, ಕೆಲಸ ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ, "ಇನ್ನೂ ಸಿಗಲಿಲ್ಲವೇ?" ಎಂದು ದಿನವೂ ಚುಚ್ಚಬೇಡಿ. ಹೊಸ ಕೆಲಸ ಕಲಿಯಲು ಕಾಲಾವಕಾಶ ಕೊಡಿ, ಮನೆಯ ತೀರ್ಮಾನಗಳಲ್ಲಿ ಅವರ ಮಾತನ್ನೂ ಕೇಳಿ.

ಚಿಂತನೆಗೆ: ಸಂಬಳ ನಿಂತ ದಿನವೇ ನಮ್ಮ ಮನೆಯಲ್ಲಿ ಗೌರವವೂ ನಿಲ್ಲುತ್ತದೆಯೇ?